ನೆಟ್ ಎಲ್ಲಿಯವರೆಗೆ ಉಂಟು? ಲಿನಕ್ಸ್ ಕಂಪ್ಯೂಟರಿನಲ್ಲಿ ಸಂಪರ್ಕ ದೋಷ ಹುಡುಕುವ ಬಗೆ

"ನೆಟ್ ಬರುವುದಿಲ್ಲ ಮಾರಾಯ್ರೆ, ಎಂತ ಆಯ್ತೋ ಗೊತ್ತಿಲ್ಲ." ಉಡುಪಿ, ಮಂಗಳೂರು ಕಡೆ ಲಿನಕ್ಸ್ ಬಳಸುವವರಿಂದ ನನಗೆ ಬರುವ ಫೋನುಗಳು ಹೆಚ್ಚಾಗಿ ಶುರುವಾಗುವುದು ಹೀಗೆ. ಈ ಒಂದು ಮಾತಿನ ಹಿಂದೆ ಹತ್ತು ಕಾರಣ ಇರಬಹುದು. ಕೇಬಲ್ ತುದಿಗೆ ಕಿಲುಬು ಹಿಡಿದಿರಬಹುದು. ಸಿಡಿಲಿಗೆ ರೂಟರ್‌ನ ಒಂದು ಪೋರ್ಟ್ ಹೋಗಿರಬಹುದು. ಕಂಪ್ಯೂಟರ್‌ಗೆ ತಪ್ಪು ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಸಿಕ್ಕಿರಬಹುದು. ಎಲ್ಲ ಸರಿಯಿದ್ದು ಗಡಿಯಾರ ಮಾತ್ರ ಹಿಂದೆ ಹೋಗಿರಬಹುದು. ಬ್ರೌಸರ್ ಮುಂದೆ ಕೂತವರಿಗೆ ಇವೆಲ್ಲ ಒಂದೇ ಥರ ಕಾಣುತ್ತವೆ: ಪೇಜ್ ತೆರೆಯುವುದಿಲ್ಲ.

ಹಾಗಾಗಿ ನಾನು ಕೇಳುವ ಮೊದಲ ಪ್ರಶ್ನೆ, ನೆಟ್ ಎಲ್ಲಿಯವರೆಗೆ ಉಂಟು? ಕಾರ್ಡ್‌ನಿಂದ ಕೇಬಲ್, ಕೇಬಲ್‌ನಿಂದ ರೂಟರ್, ರೂಟರ್‌ನಿಂದ ಕಂಪನಿಯ ಲೈನ್, ಅಲ್ಲಿಂದ ಹೊರಗೆ. ಕೆಳಗಿನಿಂದ ಮೇಲಕ್ಕೆ ಒಂದೊಂದೇ ಮೆಟ್ಟಿಲು ನೋಡುತ್ತಾ ಹೋದರೆ ದೋಷ ಎಲ್ಲಿ ಕೂತಿದೆ ಅಂತ ಅದೇ ತೋರಿಸುತ್ತದೆ. ಇದಕ್ಕೆ ಬೇಕಾದ ಸಾಧನಗಳು ಉಬುಂಟು, ಡೆಬಿಯನ್, ಫೆಡೋರಾ, ಮಿಂಟ್ ಎಲ್ಲದರಲ್ಲೂ ಸಿಗುತ್ತವೆ. ಬಹುಪಾಲು ಮೊದಲೇ ಇರುತ್ತವೆ. ದುಡ್ಡು ಕೊಡಬೇಕಾಗಿಲ್ಲ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಬರೆಯುವ ಕಿಟಕಿಯಲ್ಲಿ, ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳುತ್ತೇನೆ.

ಕೈ ಹಾಕುವ ಮೊದಲು

ರೂಟರ್ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡಬೇಡಿ. ತುಂಬಾ ಜನ ಮೊದಲು ಮಾಡುವುದೇ ಇದನ್ನು. ಅದರಿಂದ ರೂಟರ್ ಒಳಗಿದ್ದ ಯೂಸರ್ ನೇಮ್, ಪಾಸ್‌ವರ್ಡ್, ವೈ-ಫೈ ಹೆಸರು ಎಲ್ಲ ಅಳಿಸಿಹೋಗುತ್ತದೆ. ಒಂದಿದ್ದ ದೋಷ ಎರಡಾಗುತ್ತದೆ. ಸಿಸ್ಟಮ್ ಹೊಸದಾಗಿ ಇನ್‌ಸ್ಟಾಲ್ ಮಾಡುವ ಯೋಚನೆಯನ್ನಂತೂ ಪೂರ್ತಿ ಬಿಡಿ. ಆಫ್ ಮಾಡಿ ಆನ್ ಮಾಡುವುದರಲ್ಲಿ ತಪ್ಪೇನಿಲ್ಲ. ಆದರೆ ಅದಕ್ಕೂ ಮುಂಚೆ ಯಾವ ಲೈಟ್ ಉರಿಯುತ್ತಿತ್ತು, ಯಾವುದು ಇರಲಿಲ್ಲ ಅಂತ ಒಂದು ಫೋಟೋ ತೆಗೆದುಕೊಳ್ಳಿ. ಆಮೇಲೆ ಬೇಕಾಗುತ್ತದೆ.

ಆಮೇಲೆ ಕೇಳಿ: ಒಂದೇ ಕಂಪ್ಯೂಟರಿಗೆ ನೆಟ್ ಇಲ್ಲವೋ, ಮನೆಯ ಎಲ್ಲದಕ್ಕೂ ಇಲ್ಲವೋ? ಫೋನಿನಲ್ಲಿ ನೋಡುವಾಗ ಮೊಬೈಲ್ ಡೇಟಾ ಆಫ್ ಮಾಡಿಯೇ ನೋಡಬೇಕು. ಇಲ್ಲದಿದ್ದರೆ ವೈ-ಫೈನಲ್ಲಿ ನೆಟ್ ಇಲ್ಲದಿದ್ದಾಗ ಫೋನ್ ಸುಮ್ನೆ ಡೇಟಾಕ್ಕೆ ಹೋಗಿಬಿಡುತ್ತದೆ. "ಫೋನಲ್ಲಿ ಬರ್ತದೆ" ಅಂತ ಹೇಳಿದವರ ಮಾತು ನಂಬಿ ಹೊರಟರೆ ಇಡೀ ಹುಡುಕಾಟ ದಾರಿ ತಪ್ಪುತ್ತದೆ. ನಿನ್ನೆ ಗುಡುಗು ಸಿಡಿಲು ಇತ್ತಾ? ಕರೆಂಟ್ ಹೋಗಿ ಬಂತಾ? ಯಾರಾದರೂ ಹೊಸ ಸಾಮಾನು ತಂದು ಸಿಕ್ಕಿಸಿದ್ದಾರಾ? ಉತ್ತರ ಸಿಗದಿದ್ದರೂ ಪರವಾಗಿಲ್ಲ, ಕೇಳಿ ಇಡಿ.

ಕೇಬಲ್ ಮತ್ತು ಕರಾವಳಿ ಗಾಳಿ

ಮೊದಲ ಕಮಾಂಡ್ "ಐಪಿ ಲಿಂಕ್". ಕಂಪ್ಯೂಟರ್‌ನಲ್ಲಿ ಯಾವ ಯಾವ ನೆಟ್‌ವರ್ಕ್ ಕಾರ್ಡ್ ಇದೆ, ಯಾವುದು ಎದ್ದಿದೆ ಅಂತ ಅದು ತೋರಿಸುತ್ತದೆ. ಹಳೆಯ ಪುಸ್ತಕಗಳಲ್ಲಿ "ಇಫ್‌ಕಾನ್ಫಿಗ್" ಅಂತ ಇರುತ್ತದೆ. ಈಗಿನ ಡಿಸ್ಟ್ರೋಗಳಲ್ಲಿ (ಉಬುಂಟು, ಡೆಬಿಯನ್ ಥರದ ಲಿನಕ್ಸ್ ಬಗೆಗಳಲ್ಲಿ) ಅದು ಮೊದಲಿನಿಂದ ಬರುವುದು ಕಡಿಮೆ, ಅದಕ್ಕೆ "ಐಪಿ" ಕಲಿಯುವುದೇ ಒಳ್ಳೆಯದು. ಕೇಬಲ್ ಸಿಕ್ಕಿಸಿದ ಕಾರ್ಡ್‌ನ ಎದುರು "ನೋ-ಕ್ಯಾರಿಯರ್" ಅಂತ ಕಂಡರೆ ಕಂಪ್ಯೂಟರ್‌ಗೂ ರೂಟರ್‌ಗೂ ನಡುವೆ ಸಿಗ್ನಲೇ ಇಲ್ಲ. ಆಗ ಡಿಎನ್‌ಎಸ್ (ಸೈಟ್‌ನ ಹೆಸರಿಗೆ ಐಪಿ ವಿಳಾಸ ಹುಡುಕಿ ಕೊಡುವ ವ್ಯವಸ್ಥೆ), ಬ್ರೌಸರ್ ಅಂತ ಮೇಲೆ ಮೇಲೆ ಹುಡುಕಿ ಪ್ರಯೋಜನ ಇಲ್ಲ. ಇನ್ನೊಂದು ಕೇಬಲ್, ರೂಟರ್‌ನ ಇನ್ನೊಂದು ಪೋರ್ಟ್ ಹಾಕಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿ ಆಯ್ತು ಅಂತ ತಿಳಿಯುವುದಿಲ್ಲ.

ಪೂರ್ತಿ ಸತ್ತ ಕೇಬಲ್ ಬೇಗ ಸಿಗುತ್ತದೆ. ಅರ್ಧ ಸತ್ತದ್ದೇ ತೊಂದರೆ ಕೊಡುವುದು. ನಮ್ಮಲ್ಲಿ ಇದು ಜಾಸ್ತಿ. ಮಲ್ಪೆ, ಉಳ್ಳಾಲ, ಸುರತ್ಕಲ್ ಥರ ಕಡಲಿಗೆ ಹತ್ತಿರದ ಮನೆಗಳಲ್ಲಿ ಗಾಳಿಯಲ್ಲೇ ಉಪ್ಪು, ಮಳೆಗಾಲದ ನಾಲ್ಕು ತಿಂಗಳು ಒಳಗೂ ಹೊರಗೂ ತೇವ. ಕೇಬಲ್ ತುದಿಯ ಪ್ಲಾಸ್ಟಿಕ್ ಜ್ಯಾಕ್‌ನಲ್ಲಿ ಎಂಟು ಸಣ್ಣ ಪಿನ್ ಇರುತ್ತವಲ್ವಾ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಒಳ್ಳೆಯದಾದರೆ ಎಂಟೂ ಹೊಂಬಣ್ಣದಲ್ಲಿ ಒಂದೇ ಥರ ಹೊಳೆಯುತ್ತವೆ. ಕಿಲುಬು ಹಿಡಿದದ್ದರಲ್ಲಿ ಒಂದೋ ಎರಡೋ ಮಂಕಾಗಿ, ಬುಡದಲ್ಲಿ ಹಸಿರು ಪುಡಿ ಕೂತಿರುತ್ತದೆ.

ಇದನ್ನು ಪರದೆ ಮೇಲೆ ನೋಡುವ ದಾರಿಯೂ ಉಂಟು: "ಸುಡೊ ಈಥ್‌ಟೂಲ್", ಮುಂದೆ "ಐಪಿ ಲಿಂಕ್"ನಲ್ಲಿ ಕಂಡ ಕಾರ್ಡ್‌ನ ಹೆಸರು. "ಸುಡೊ" ಅಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅಂತ. ಅದರಲ್ಲಿ "ಸ್ಪೀಡ್" ಅನ್ನುವ ಸಾಲು ಓದಿ. ರೂಟರ್ ಗಿಗಾಬಿಟ್, ಕಾರ್ಡ್ ಗಿಗಾಬಿಟ್, ಆದರೆ ಅಲ್ಲಿ 1000ರ ಬದಲು 100 ಇದ್ದರೆ ಕೇಬಲ್ ಮೇಲೆ ಅನುಮಾನ ಪಡಿ. ಕಾರಣ ಸರಳ. ಕೇಬಲ್ ಒಳಗೆ ನಾಲ್ಕು ಜೋಡಿ ತಂತಿ ಇರುತ್ತವೆ. 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು, 1, 2, 3, 6ನೇ ಪಿನ್‌ಗಳು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. 4, 5, 7, 8ರಲ್ಲಿ ಒಂದು ಕೈಕೊಟ್ಟರೆ ಎಷ್ಟೋ ಕಾರ್ಡ್‌ಗಳು ತಾವೇ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ನೆಟ್ ಇರುತ್ತದೆ, ಆದರೆ 300 ಮೆಗಾಬಿಟ್ ಪ್ಲಾನ್‌ಗೆ ದುಡ್ಡು ಕೊಟ್ಟವರಿಗೆ 90ರ ಸುತ್ತಮುತ್ತ ಬಂದು ನಿಲ್ಲುತ್ತದೆ. ಸ್ಪೀಡ್ ಟೆಸ್ಟ್‌ನಲ್ಲಿ ಪ್ರತಿ ಸಲ 90ರ ಹತ್ತಿರವೇ ಬರುತ್ತಿದೆ ಅಂತ ಯಾರಾದರೂ ಹೇಳಿದರೆ ಕಂಪನಿಗೆ ಫೋನ್ ಮಾಡುವ ಮೊದಲು ಜ್ಯಾಕ್ ಬಿಚ್ಚಿ ನೋಡಿ.

"ಐಪಿ -ಎಸ್ ಲಿಂಕ್" ಹೊಡೆದರೆ ಎಷ್ಟು ಪ್ಯಾಕೆಟ್ (ಡೇಟಾದ ತುಂಡು) ಬಂತು, ಅದರಲ್ಲಿ ಎಷ್ಟು ಕೆಟ್ಟವು ಅನ್ನುವ ಲೆಕ್ಕ ಸಿಗುತ್ತದೆ. "ಎರರ್ಸ್" ಕೆಳಗಿನ ಸಂಖ್ಯೆ ನೋಡಿ, ಒಂದು ದೊಡ್ಡ ಫೈಲ್ ಇಳಿಸಿ, ಮತ್ತೆ ನೋಡಿ. ಸಂಖ್ಯೆ ಏರುತ್ತಿದ್ದರೆ ಕೇಬಲ್, ಜ್ಯಾಕ್ ಅಥವಾ ಪೋರ್ಟ್ ಕೆಟ್ಟಿದೆ. ಜ್ಯಾಕ್ ಒರೆಸಿ ಹಾಕಿದರೆ ಕೆಲವು ದಿನ ನಡೆಯುತ್ತದೆ. ಕಿಲುಬು ಹಿಡಿದದ್ದನ್ನು ಕತ್ತರಿಸಿ ಹೊಸ ಜ್ಯಾಕ್ ಕ್ರಿಂಪ್ ಮಾಡಿಸುವುದೇ ಸರಿಯಾದ ಪರಿಹಾರ.

ಸಿಡಿಲಿನ ವಿಷಯ. ಮಳೆಗಾಲ ಶುರುವಾಗುವ ಮೊದಲು ಏಪ್ರಿಲ್-ಮೇ, ಮುಗಿಯುವಾಗ ಅಕ್ಟೋಬರ್, ಇವು ನಮ್ಮಲ್ಲಿ ರೂಟರ್‌ಗಳು ಸಾಯುವ ತಿಂಗಳುಗಳು. ಫೈಬರ್ ಬಂದ ಮೇಲೆ ಸಿಡಿಲಿನ ಭಯ ಇಲ್ಲ ಅಂತ ಕೆಲವರು ತಿಳಿದಿದ್ದಾರೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ನಿಜ. ಆದರೆ ಕಂಬದಿಂದ ಮನೆಗೆ ಎಳೆಯುವ ಫೈಬರ್ ಕೇಬಲ್‌ನಲ್ಲಿ ಗಟ್ಟಿ ಇರಲಿ ಅಂತ ಉಕ್ಕಿನ ತಂತಿ ಹಾಕಿರುವುದುಂಟು. ಅಡಾಪ್ಟರ್ ಅಂತೂ ಗೋಡೆಯ ಪ್ಲಗ್‌ನಲ್ಲೇ ಇರುತ್ತದೆ. ಪಕ್ಕದ ಕಟ್ಟಡಕ್ಕೋ ಔಟ್‌ಹೌಸ್‌ಗೋ ತಾಮ್ರದ ಕೇಬಲ್ ಹೊರಗಡೆಯಿಂದ ಎಳೆದಿದ್ದರೆ ಅಪಾಯ ಇನ್ನೂ ಜಾಸ್ತಿ. ದೂರದಲ್ಲಿ ಗುಡುಗು ಕೇಳಿದಾಗಲೇ ಅಡಾಪ್ಟರ್ ಜೊತೆಗೆ ಕಂಪ್ಯೂಟರ್‌ನ ಕೇಬಲ್ ಕೂಡ ತೆಗೆದಿಡಿ. ತಲೆ ಮೇಲೆ ಬಂದ ಮೇಲೆ ಅದನ್ನು ಮುಟ್ಟಲು ಹೋಗಬೇಡಿ.

ಸಿಡಿಲಿನ ಮರುದಿನದ ಪರೀಕ್ಷೆ ಹೀಗೆ. "ಎಲ್‌ಎಸ್‌ಪಿಸಿಐ -ಕೆ" ಹೊಡೆಯಿರಿ. ಕಾರ್ಡ್ ಪಟ್ಟಿಯಲ್ಲೇ ಇಲ್ಲದಿದ್ದರೆ ಅದು ಹೋಗಿರಬಹುದು. ಪಟ್ಟಿಯಲ್ಲಿದೆ, ಡ್ರೈವರ್ ಕೂಡ ಕೂತಿದೆ, ಒಳ್ಳೆಯ ಕೇಬಲ್ ಹಾಕಿದರೂ "ನೋ-ಕ್ಯಾರಿಯರ್" ಅಂತಲೇ ಬರುತ್ತದೆ ಅಂದರೆ ಪೋರ್ಟ್ ಸುಟ್ಟಿದೆ. ಕಾರ್ಡ್‌ನ ಪೋರ್ಟ್ ಸುಟ್ಟಿದೆಯೋ ರೂಟರ್‌ನದೋ ಅಂತ ತಿಳಿಯಲು ಇನ್ನೊಂದು ಲ್ಯಾಪ್‌ಟಾಪ್ ತಂದು ಅದೇ ಪೋರ್ಟ್‌ಗೆ ಸಿಕ್ಕಿಸಿ. ಇಡೀ ಕಂಪ್ಯೂಟರ್ ಬದಲಿಸಬೇಕಾಗಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಈಥರ್ನೆಟ್ ಅಡಾಪ್ಟರ್ ತಂದರೆ ಲಿನಕ್ಸ್ ಸಾಮಾನ್ಯವಾಗಿ ಹಾಗೆಯೇ ಗುರುತಿಸುತ್ತದೆ.

ಫೈಬರ್ ಪೆಟ್ಟಿಗೆಯಲ್ಲಿ "ಲಾಸ್" ಅನ್ನುವ ಲೈಟ್ ಕೆಂಪಾಗಿದ್ದರೆ ಮನೆಯವರೆಗೆ ಬೆಳಕು ಬರುತ್ತಿಲ್ಲ. ಕೊಂಬೆ ಬಿದ್ದು ಲೈನ್ ಕತ್ತರಿಸಿರಬಹುದು, ಇಲ್ಲವೇ ಮನೆಯೊಳಗೇ ಹಳದಿ ಅಥವಾ ಬಿಳಿ ಫೈಬರ್ ತೀರಾ ಮಡಚಿರಬಹುದು. ನಿಮ್ಮ ಲಿನಕ್ಸ್‌ಗೂ ಅದಕ್ಕೂ ಸಂಬಂಧ ಇಲ್ಲ. ಲೈಟ್ ಸರಿಯಿದ್ದೂ ಆಗಾಗ ಸಂಪರ್ಕ ಹೋಗುತ್ತಿದ್ದರೆ ಪೆಟ್ಟಿಗೆಯ ಸೆಟ್ಟಿಂಗ್ ಪುಟದಲ್ಲಿ "ಆರ್‌ಎಕ್ಸ್ ಪವರ್", ಅಂದರೆ ಪೆಟ್ಟಿಗೆಗೆ ತಲುಪುವ ಬೆಳಕಿನ ಬಲ ನೋಡಿ. ಸಾಮಾನ್ಯ ಜಿಪಾನ್ (ಮನೆಗಳಿಗೆ ಕೊಡುವ ಒಂದು ಬಗೆಯ ಫೈಬರ್) ಲೈನ್‌ನಲ್ಲಿ ಅದು -8ರಿಂದ -27 ಡಿಬಿಎಂ ಒಳಗೆ ಇರಬೇಕು. -26, -27ರ ಅಂಚಿನಲ್ಲಿದ್ದರೆ ಮಳೆ ಬಂದಾಗ ಹೋಗುವುದು ಬರುವುದು ಶುರುವಾಗುತ್ತದೆ. ಆ ಸಂಖ್ಯೆ ಬರೆದಿಟ್ಟುಕೊಂಡು ಕಂಪನಿಯವರಿಗೆ ಹೇಳಿ.

ವೈ-ಫೈ ಕಾಣದಿದ್ದರೆ

"ಆರ್‌ಎಫ್‌ಕಿಲ್ ಲಿಸ್ಟ್" ಮೊದಲು. "ಸಾಫ್ಟ್ ಬ್ಲಾಕ್ಡ್: ಯೆಸ್" ಅಂತಿದ್ದರೆ "ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ" ಸಾಕು. "ಹಾರ್ಡ್ ಬ್ಲಾಕ್ಡ್" ಅಂತಿದ್ದರೆ ಲ್ಯಾಪ್‌ಟಾಪ್‌ನ ಬದಿಯ ಸ್ವಿಚ್ಚೋ ಕೀಬೋರ್ಡ್‌ನ ವಿಮಾನದ ಚಿತ್ರದ ಬಟನ್ನೋ ಒತ್ತಿ ಹೋಗಿದೆ. ಎರಡೂ ಅಲ್ಲ, ವೈ-ಫೈ ಕಾರ್ಡೇ ಪಟ್ಟಿಯಲ್ಲಿಲ್ಲ ಅಂದರೆ "ಸುಡೊ ಡಿಮೆಸ್ಗ್" ಹೊಡೆದು "ಫರ್ಮ್‌ವೇರ್" ಅನ್ನುವ ಪದ ಹುಡುಕಿ. ಕಾರ್ಡ್ ಕೆಲಸ ಮಾಡಲು ಅದರೊಳಗೆ ಹಾಕಬೇಕಾದ ಸಾಫ್ಟ್‌ವೇರ್ ಅದು. ಫರ್ಮ್‌ವೇರ್ ಫೈಲ್ ಸಿಗಲಿಲ್ಲ ಅಂತ ಕರ್ನಲ್ (ಲಿನಕ್ಸ್‌ನ ತಿರುಳು) ನೇರವಾಗಿಯೇ ಬರೆದಿರುತ್ತದೆ, ಫೈಲ್ ಹೆಸರಿನ ಸಮೇತ. ಡೆಬಿಯನ್‌ನಲ್ಲಿ ಇದು ಹಳೆಯ ತಲೆನೋವಾಗಿತ್ತು. 2023ರಲ್ಲಿ ಬಂದ ಡೆಬಿಯನ್ 12ರಿಂದ ಇನ್‌ಸ್ಟಾಲರ್‌ನಲ್ಲೇ ಅಂಥ ಫರ್ಮ್‌ವೇರ್ ಸೇರಿಸಿದ್ದಾರೆ.

ನೆಟ್ ಇಲ್ಲದೆ ಫರ್ಮ್‌ವೇರ್ ಇಳಿಸುವುದು ಹೇಗೆ? ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಆಂಡ್ರಾಯ್ಡ್ ಫೋನ್ ಲಿನಕ್ಸ್‌ಗೆ ಒಂದು ಸಾಧಾರಣ ನೆಟ್‌ವರ್ಕ್ ಕಾರ್ಡ್ ಥರ ಕಾಣುತ್ತದೆ, ಬೇರೆ ಡ್ರೈವರ್ ಬೇಡ. ದೋಷ ಹುಡುಕಲೂ ಇದು ಬಹಳ ಉಪಯೋಗ. ಟೆದರಿಂಗ್‌ನಲ್ಲಿ ಎಲ್ಲ ತೆರೆಯುತ್ತದೆ, ಮನೆಯ ಲೈನ್‌ನಲ್ಲಿ ತೆರೆಯುವುದಿಲ್ಲ ಅಂದರೆ ಕಂಪ್ಯೂಟರ್ ಹೆಚ್ಚುಕಡಿಮೆ ಸರಿಯಿದೆ.

ವೈ-ಫೈ ಸಿಗುತ್ತದೆ ಆದರೆ ತಡವರಿಸುತ್ತದೆ ಅಂದರೆ "ಐಡಬ್ಲ್ಯು ಡೆವ್", ಕಾರ್ಡ್‌ನ ಹೆಸರು, "ಲಿಂಕ್". ಸಿಗ್ನಲ್ -50 ಸುತ್ತ ಇದ್ದರೆ ಚೆನ್ನಾಗಿದೆ, -70 ದಾಟಿದರೆ ದುರ್ಬಲ, -80ರಲ್ಲಿ ಕೆಲಸ ಆಗುವುದಿಲ್ಲ. ನಮ್ಮ ಹಳೆಯ ಮನೆಗಳ ಕೆಂಪು ಕಲ್ಲಿನ ದಪ್ಪ ಗೋಡೆ 5 ಗಿಗಾಹರ್ಟ್ಸ್ ಸಿಗ್ನಲನ್ನು ಜಾಸ್ತಿ ತಡೆಯುತ್ತದೆ. ಚಾವಡಿಯಲ್ಲಿ ರೂಟರ್ ಇಟ್ಟು ಹಿಂದಿನ ಕೋಣೆಯಲ್ಲಿ ಕೂತರೆ 2.4ಕ್ಕೆ ಬದಲಿಸಿ ನೋಡಿ.

ವಿಳಾಸ ಯಾರು ಕೊಟ್ಟರು?

"ಐಪಿ -ಬಿಆರ್ ಎ" ಹೊಡೆದರೆ ಪ್ರತಿ ಕಾರ್ಡ್‌ಗೆ ಒಂದೊಂದು ಸಾಲಿನಲ್ಲಿ ವಿಳಾಸ ಬರುತ್ತದೆ. 192.168 ಅಥವಾ 10ರಿಂದ ಶುರುವಾದರೆ ರೂಟರ್ ವಿಳಾಸ ಕೊಟ್ಟಿದೆ ಅಂತ ಅರ್ಥ. 169.254ರಿಂದ ಶುರುವಾದರೆ ಯಾರೂ ಕೊಡಲಿಲ್ಲ, ಕಂಪ್ಯೂಟರ್ ತಾನೇ ಒಂದು ಇಟ್ಟುಕೊಂಡಿದೆ. ವಿಳಾಸವೇ ಇಲ್ಲದಿದ್ದರೂ ಅದೇ ಕಥೆ, ಡಿಎಚ್‌ಸಿಪಿಗೆ (ಕಂಪ್ಯೂಟರ್ ರೂಟರ್‌ನಿಂದ ವಿಳಾಸ ಕೇಳಿ ಪಡೆಯುವ ವ್ಯವಸ್ಥೆ) ಉತ್ತರ ಸಿಕ್ಕಿಲ್ಲ. "ಜರ್ನಲ್‌ಸಿಟಿಎಲ್ -ಬಿ -ಯು ನೆಟ್‌ವರ್ಕ್‌ಮ್ಯಾನೇಜರ್" ಹೊಡೆದು ಕೊನೆಯ ಸಾಲುಗಳನ್ನು ಓದಿ. ಇಲ್ಲಿ ಎನ್ ಮತ್ತು ಎಂ ದೊಡ್ಡ ಅಕ್ಷರ. ಕೇಳಿದ್ದು, ಕಾದದ್ದು, ಸೋತದ್ದು ಎಲ್ಲ ಗಂಟೆ ನಿಮಿಷದ ಜೊತೆ ಅಲ್ಲಿರುತ್ತದೆ.

ವಿಳಾಸ ಸಿಕ್ಕಿದೆ, ಆದರೆ ತಪ್ಪು ಜಾಗದಿಂದ ಸಿಕ್ಕಿದೆ ಅನ್ನುವ ದೋಷ ಸಣ್ಣ ಆಫೀಸುಗಳಲ್ಲಿ, ಶಾಲೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದರ ಲಕ್ಷಣಗಳು ವಿಚಿತ್ರವಾಗಿರುತ್ತವೆ.

ಉಡುಪಿಯ ಒಂದು ಸಣ್ಣ ಆಫೀಸು. ಏಳೆಂಟು ಕಂಪ್ಯೂಟರ್, ಎಲ್ಲ ಲಿನಕ್ಸ್ ಮಿಂಟ್. ಸಂಜೆ ಕರೆಂಟ್ ಹೋಗಿ ಬಂದ ಮೇಲೆ ಕೆಲವದಕ್ಕೆ ನೆಟ್ ಉಂಟು, ಕೆಲವದಕ್ಕೆ ಇಲ್ಲ. ನೆಟ್ ಇಲ್ಲದವುಗಳಲ್ಲಿ ಪ್ರಿಂಟ್ ಕೂಡ ಹೋಗುವುದಿಲ್ಲ. ಮೇಲಿನ ಮೂಲೆಯ ಐಕಾನ್ ಮಾತ್ರ "ಕನೆಕ್ಟೆಡ್" ಅಂತಲೇ ಹೇಳುತ್ತದೆ. ಒಮ್ಮೆ ರೀಸ್ಟಾರ್ಟ್ ಮಾಡಿದರೆ ಕೆಲವು ಸರಿಯಾಗುತ್ತವೆ, ಸರಿಯಿದ್ದದ್ದು ಕೆಡುತ್ತದೆ. ನೋಡಿದವರಿಗೆ ವೈರಸ್ಸೇ ಇರಬೇಕು ಅನ್ನಿಸುವಂತಿತ್ತು.

ನೆಟ್ ಇದ್ದ ಒಂದರಲ್ಲಿ, ಇಲ್ಲದ ಒಂದರಲ್ಲಿ "ಐಪಿ ರೂಟ್" ಹೊಡೆದು ಅಕ್ಕಪಕ್ಕ ಇಟ್ಟು ನೋಡಿದಾಗ ವಿಷಯ ತಿಳಿಯಿತು. ಸರಿಯಿದ್ದದ್ದರಲ್ಲಿ "ಡಿಫಾಲ್ಟ್ ವಯಾ 192.168.1.1". ಕೆಟ್ಟದ್ದರಲ್ಲಿ "ಡಿಫಾಲ್ಟ್ ವಯಾ 192.168.0.1". ಹೊರಗೆ ಹೋಗಲು ಕಂಪ್ಯೂಟರ್ ಬಳಸುವ ರೂಟರ್‌ನ ವಿಳಾಸ ಇದು. ಒಂದು ಸಂಖ್ಯೆಯ ವ್ಯತ್ಯಾಸ. ಅಂದರೆ ಆಫೀಸಿನೊಳಗೆ ವಿಳಾಸ ಹಂಚುವವರು ಇಬ್ಬರಿದ್ದಾರೆ. ಯಾರು ಬೇಗ ಉತ್ತರ ಕೊಡುತ್ತಾರೋ ಕಂಪ್ಯೂಟರ್ ಅವರದ್ದನ್ನು ಹಿಡಿದುಕೊಳ್ಳುತ್ತದೆ. ಕರೆಂಟ್ ಹೋಗುವವರೆಗೆ ತೊಂದರೆ ಕಾಣದೇ ಇದ್ದದ್ದಕ್ಕೂ ಕಾರಣ ಇದೆ. ಓಡುತ್ತಿರುವ ಕಂಪ್ಯೂಟರ್ ವಿಳಾಸವನ್ನು ನವೀಕರಿಸುವಾಗ ಮೊದಲು ಕೊಟ್ಟವರನ್ನೇ ಕೇಳುತ್ತದೆ. ಆಫ್ ಆಗಿ ಆನ್ ಆದಾಗ ಹೊಸದಾಗಿ ಎಲ್ಲರನ್ನೂ ಕೇಳುತ್ತದೆ.

ಎರಡನೆಯವರು ಯಾರು? ಕೆಟ್ಟ ಕಂಪ್ಯೂಟರ್‌ನಲ್ಲಿ "ಪಿಂಗ್ -ಸಿ 3 192.168.0.1", ಆಮೇಲೆ "ಐಪಿ ನೇ". ಪಿಂಗ್ ಅಂದರೆ ಒಂದು ವಿಳಾಸಕ್ಕೆ ಸಣ್ಣ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತದಾ ಅಂತ ನೋಡುವುದು. ಈ "ನೇ" ಇಂಗ್ಲಿಷಿನ ಐದು ಅಕ್ಷರ, ಎನ್, ಇ, ಐ, ಜಿ, ಎಚ್. ಅದು 192.168.0.1ರ ಎದುರು ಮ್ಯಾಕ್ ವಿಳಾಸ, ಅಂದರೆ ಆ ಸಾಧನದ ನೆಟ್‌ವರ್ಕ್ ಕಾರ್ಡ್‌ನ ಗುರುತಿನ ಸಂಖ್ಯೆ ತೋರಿಸುತ್ತದೆ. ಆ ಅಕ್ಷರ, ಅಂಕಿಗಳನ್ನು ಬರೆದುಕೊಂಡು ಆಫೀಸಿನಲ್ಲಿರುವ ಪೆಟ್ಟಿಗೆಗಳ ಕೆಳಗಿನ ಸ್ಟಿಕ್ಕರ್ ಒಂದೊಂದಾಗಿ ಓದಿ. ಕೊನೆಯ ಒಂದೆರಡು ಅಂಕಿ ಹೆಚ್ಚುಕಡಿಮೆ ಇರಬಹುದು, ಪರವಾಗಿಲ್ಲ. ಇಲ್ಲಿ ಅದು ಒಳಕೋಣೆಯಲ್ಲಿ ಸಿಗ್ನಲ್ ಸಾಲದು ಅಂತ ಒಬ್ಬರು ಮನೆಯಿಂದ ತಂದು ಇಟ್ಟಿದ್ದ ಹಳೆಯ ರೂಟರ್. ಕೇಬಲನ್ನು ಅದರ ಲ್ಯಾನ್ ಪೋರ್ಟ್‌ಗೆ (ಒಳಗಿನ ಕಂಪ್ಯೂಟರ್‌ಗಳಿಗೆ ಇರುವುದು) ಹಾಕಿದ್ದರು. ಹೊರಗಿನ ಲೈನ್ ಹಾಕುವ ವ್ಯಾನ್ ಪೋರ್ಟ್ ಖಾಲಿ. ಆದ್ದರಿಂದ ಅದು ವಿಳಾಸ ಹಂಚುತ್ತಿತ್ತು, ಹೊರಗೆ ಹೋಗುವ ದಾರಿ ಅದರ ಹತ್ತಿರ ಇರಲಿಲ್ಲ.

ಅದನ್ನು ಕಿತ್ತು ಬಿಸಾಡಬೇಕಾಗಿಲ್ಲ. ಅದರ ಸೆಟ್ಟಿಂಗ್‌ಗೆ ಹೋಗಿ ಡಿಎಚ್‌ಸಿಪಿ ಆಫ್ ಮಾಡಿ, ಅದರ ಸ್ವಂತ ವಿಳಾಸವನ್ನು 192.168.1.2ರ ಥರ ಯಾರೂ ಬಳಸದ ಒಂದಕ್ಕೆ ಬದಲಿಸಿದರೆ ಅದು ಬರೀ ವೈ-ಫೈ ಕೊಡುವ ಪೆಟ್ಟಿಗೆಯಾಗಿ ಚೆನ್ನಾಗಿ ದುಡಿಯುತ್ತದೆ. ಕಂಪ್ಯೂಟರ್‌ಗಳಲ್ಲಿ ನೆಟ್‌ವರ್ಕ್ ಆಫ್ ಮಾಡಿ ಆನ್ ಮಾಡಿ. ವಿಳಾಸ ಯಾರಿಂದ ಬಂತು ಅಂತ ಖಚಿತ ಮಾಡಿಕೊಳ್ಳಲು "ಎನ್‌ಎಂಸಿಎಲ್‌ಐ -ಎಫ್ ಡಿಎಚ್‌ಸಿಪಿ4 ಡಿವೈಸ್ ಶೋ", ಕಾರ್ಡ್‌ನ ಹೆಸರು. ಅದರಲ್ಲಿ ಡಿಎಚ್‌ಸಿಪಿ ಸರ್ವರ್‌ನ ವಿಳಾಸ ಬರೆದಿರುತ್ತದೆ.

ಮೂರು ಪಿಂಗ್

ಪಿಂಗ್ 1983ರಲ್ಲಿ ಮೈಕ್ ಮೂಸ್ ಬರೆದ ಸಣ್ಣ ಪ್ರೋಗ್ರಾಂ. ಇಷ್ಟು ವರ್ಷ ಆದರೂ ಅದಕ್ಕಿಂತ ಬೇಗ ಉತ್ತರ ಕೊಡುವ ಸಾಧನ ನನಗೆ ಸಿಕ್ಕಿಲ್ಲ. ಕ್ರಮವಾಗಿ ಮೂರು ಸಲ ಬಳಸಿ.

ಮೊದಲು "ಐಪಿ ರೂಟ್"ನಲ್ಲಿ ಕಂಡ ರೂಟರ್ ವಿಳಾಸಕ್ಕೆ. ಉತ್ತರ ಬಂದರೆ ಮನೆಯೊಳಗಿನ ದಾರಿ ಸರಿ. ಆಮೇಲೆ ಹೊರಗಿನ ಒಂದು ಸಂಖ್ಯೆಗೆ, "ಪಿಂಗ್ -ಸಿ 4 1.1.1.1" ಅಥವಾ 8.8.8.8. ರೂಟರ್ ಉತ್ತರ ಕೊಟ್ಟು ಇದು ಕೊಡದಿದ್ದರೆ ದೋಷ ರೂಟರ್‌ನಿಂದ ಆಚೆಗೆ. ಪ್ಲಾನ್ ಮುಗಿದಿದೆಯಾ, ಲಾಗಿನ್ ಬಿದ್ದುಹೋಗಿದೆಯಾ ಅಂತ ರೂಟರ್ ಪುಟದಲ್ಲಿ ನೋಡಿ. ಮೂರನೆಯದು ಒಂದು ಹೆಸರಿಗೆ, ಡೆಬಿಯನ್ ಡಾಟ್ ಆರ್ಗ್ ಇರಲಿ, ವಿಕಿಪೀಡಿಯ ಡಾಟ್ ಆರ್ಗ್ ಇರಲಿ. ಸಂಖ್ಯೆಗೆ ಉತ್ತರ ಉಂಟು, ಹೆಸರಿಗೆ ಇಲ್ಲ ಅಂದರೆ ಡಿಎನ್‌ಎಸ್ ಕೆಟ್ಟಿದೆ.

ಡಿಎನ್‌ಎಸ್ ನೋಡಲು "ರಿಸಾಲ್ವ್‌ಸಿಟಿಎಲ್ ಸ್ಟೇಟಸ್". ಉಬುಂಟು, ಫೆಡೋರಾಗಳಲ್ಲಿ ಇದು ಇರುತ್ತದೆ. ಯಾವ ಕಾರ್ಡ್ ಯಾವ ಡಿಎನ್‌ಎಸ್ ಸರ್ವರನ್ನು ಕೇಳುತ್ತಿದೆ ಅಂತ ಅದು ಹೇಳುತ್ತದೆ. "ರಿಸಾಲ್ವ್ ಡಾಟ್ ಕಾನ್ಫ್" ಫೈಲ್ ತೆರೆದರೆ 127.0.0.53 ಅಂತ ಕಾಣಬಹುದು, ಅದನ್ನು ನೋಡಿ ಗಾಬರಿಯಾಗಿ ಅಳಿಸಬೇಡಿ. ಅದು ನಿಮ್ಮದೇ ಕಂಪ್ಯೂಟರ್‌ನ ಒಳಗಿನ ಸಹಾಯಕ, ಅದು ಹೊರಗಿನವರನ್ನು ಕೇಳುತ್ತದೆ. ಈಗ "ಡಿಗ್ @1.1.1.1 ಡೆಬಿಯನ್ ಡಾಟ್ ಆರ್ಗ್" ಹೊಡೆಯಿರಿ. ಉತ್ತರ ಬಂದರೆ ಡಿಎನ್‌ಎಸ್ ದಾರಿ ತೆರೆದಿದೆ, ರೂಟರ್ ಕೊಟ್ಟ ಸರ್ವರ್ ಮಾತ್ರ ಸುಸ್ತಾಗಿದೆ. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ 1.1.1.1 ಅಥವಾ 9.9.9.9 ಹಾಕಿದರೆ ಕೆಲಸ ಆಗುತ್ತದೆ.

"ಡಿಗ್"ಗೆ ಉತ್ತರ ಬರುತ್ತದೆ, ಬ್ರೌಸರ್ ಮಾತ್ರ ಬೇರೆ ಕಡೆಗೆ ಹೋಗುತ್ತದೆ ಅಂದರೆ "ಗೆಟ್‌ಎಂಟ್ ಹೋಸ್ಟ್ಸ್", ಮುಂದೆ ಆ ಸೈಟ್‌ನ ಹೆಸರು. ಇದು ಇಟಿಸಿ ಫೋಲ್ಡರ್ ಒಳಗಿನ, ಹೆಸರಿಗೆ ವಿಳಾಸ ಬರೆದಿಡುವ ಹೋಸ್ಟ್ಸ್ ಫೈಲನ್ನೂ ನೋಡಿ ಹೇಳುತ್ತದೆ, "ಡಿಗ್" ನೋಡುವುದಿಲ್ಲ. ಯಾವತ್ತೋ ಪರೀಕ್ಷೆಗೆ ಅಂತ ಆ ಫೈಲ್‌ನಲ್ಲಿ ಬರೆದ ಒಂದು ಸಾಲು ವರ್ಷಗಟ್ಟಲೆ ಅಲ್ಲೇ ಉಳಿದುಬಿಡುತ್ತದೆ.

ಎಲ್ಲ ಪಿಂಗ್ ಸರಿ, ಸೈಟ್ ಮಾತ್ರ ತೆರೆಯುವುದಿಲ್ಲ

ಇಲ್ಲಿಗೆ ಬಂದಾಗ ಹೆಚ್ಚಿನವರು ಸೋತು ಬಿಡುತ್ತಾರೆ. ಮೊದಲು ಗಡಿಯಾರ ನೋಡಿ.

ಹಳೆಯ ಡೆಸ್ಕ್‌ಟಾಪ್‌ಗಳ ಮದರ್‌ಬೋರ್ಡ್‌ನಲ್ಲಿ ಸಿಆರ್2032 ಅನ್ನುವ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ಕೆಲವು ವರ್ಷಕ್ಕೆ ಅದು ಮುಗಿಯುತ್ತದೆ. ಪ್ಲಗ್‌ನಲ್ಲಿ ಕರೆಂಟ್ ಇರುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಒಂದು ದಿನ ದೀರ್ಘ ಕರೆಂಟ್ ಕಟ್, ಮರುದಿನ ಆನ್ ಮಾಡಿದರೆ ಕಂಪ್ಯೂಟರ್ ಎಷ್ಟೋ ವರ್ಷ ಹಿಂದಿನ ತಾರೀಖಿನಲ್ಲಿರುತ್ತದೆ. ಸೈಟುಗಳ ಸರ್ಟಿಫಿಕೇಟ್‌ಗೆ (ಸೈಟ್ ಅಸಲಿ ಅಂತ ತೋರಿಸುವ ಡಿಜಿಟಲ್ ಪತ್ರ) ಶುರುವಿನ ತಾರೀಖು, ಕೊನೆಯ ತಾರೀಖು ಎರಡೂ ಇರುತ್ತವೆ. ತುಂಬಾ ಸೈಟುಗಳು ಬಳಸುವ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ಸಾಮಾನ್ಯವಾಗಿ 90 ದಿನದ್ದು. ಹಳೆಯ ತಾರೀಖಿನಲ್ಲಿರುವ ಕಂಪ್ಯೂಟರ್‌ಗೆ ಅದು ಇನ್ನೂ ಹುಟ್ಟದ ಸರ್ಟಿಫಿಕೇಟ್. ಅದಕ್ಕೆ ತೆರೆಯಲು ಒಪ್ಪುವುದಿಲ್ಲ.

ಬ್ರೌಸರ್ ಇದನ್ನು "ನಿಮ್ಮ ಸಂಪರ್ಕ ಸುರಕ್ಷಿತವಲ್ಲ" ಅನ್ನುವ ಥರ ಹೇಳುವುದರಿಂದ ಜನ ಹೆದರುತ್ತಾರೆ. "ಕರ್ಲ್ -ವಿ" ಜೊತೆಗೆ ಸೈಟ್‌ನ ಪೂರ್ತಿ ವಿಳಾಸ ಕೊಟ್ಟರೆ "ನಾಟ್ ಯೆಟ್ ವ್ಯಾಲಿಡ್" ಅಂತ ನೇರ ಬರುತ್ತದೆ. ಡೆಬಿಯನ್, ಉಬುಂಟುವಿನ "ಆಪ್ಟ್ ಅಪ್‌ಡೇಟ್" ಕೂಡ ರಿಲೀಸ್ ಫೈಲ್ ಇನ್ನೂ ವ್ಯಾಲಿಡ್ ಆಗಿಲ್ಲ ಅಂತ ದೂರುತ್ತದೆ. "ಟೈಮ್‌ಡೇಟ್‌ಸಿಟಿಎಲ್" ಹೊಡೆದು ಸಮಯ ಮತ್ತು "ಸಿಸ್ಟಮ್ ಕ್ಲಾಕ್ ಸಿಂಕ್ರೊನೈಸ್ಡ್" ಸಾಲು ನೋಡಿ. "ಸುಡೊ ಟೈಮ್‌ಡೇಟ್‌ಸಿಟಿಎಲ್ ಸೆಟ್-ಎನ್‌ಟಿಪಿ ಟ್ರೂ" ಕೊಟ್ಟು ಸ್ವಲ್ಪ ಕಾಯಿರಿ. ಕೆಲವು ಆಫೀಸು, ಕಾಲೇಜು ನೆಟ್‌ವರ್ಕ್‌ಗಳಲ್ಲಿ ಎನ್‌ಟಿಪಿಯ (ನೆಟ್‌ನಿಂದ ಸಮಯ ತರಿಸುವ ವ್ಯವಸ್ಥೆ) 123ನೇ ಪೋರ್ಟ್ ಮುಚ್ಚಿರುತ್ತಾರೆ. ಅಲ್ಲಿ ಕೈಯಿಂದ ಸಮಯ ಹಾಕಿ, ಬ್ಯಾಟರಿ ಬದಲಿಸಿ. ರಾಸ್ಪ್‌ಬೆರಿ ಪೈ 4ರವರೆಗಿನ ಬೋರ್ಡ್‌ಗಳಲ್ಲಿ ಬ್ಯಾಟರಿ ಗಡಿಯಾರವೇ ಇಲ್ಲ. ಶಾಲೆಯ ಲ್ಯಾಬಿನಲ್ಲಿ ಅವನ್ನು ಇಟ್ಟವರು ಇದನ್ನು ನೆನಪಿಡಬೇಕು.

ವಿಂಡೋಸ್ ಜೊತೆ ಲಿನಕ್ಸ್ ಇಟ್ಟವರಿಗೆ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಮುಂದೆ ಅಥವಾ ಹಿಂದೆ ಹೋಗುವುದುಂಟು. ಮದರ್‌ಬೋರ್ಡ್ ಗಡಿಯಾರವನ್ನು ವಿಂಡೋಸ್ ಭಾರತದ ಸಮಯ ಅಂತ ಓದುತ್ತದೆ, ಲಿನಕ್ಸ್ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ) ಅಂತ ಓದುತ್ತದೆ. ಸೈಟುಗಳು ತೆರೆದರೂ ಕಂಪ್ಯೂಟರ್‌ನಲ್ಲೇ ಲಾಗಿನ್ ಕೋಡ್ ಹುಟ್ಟಿಸುವ ಪ್ರೋಗ್ರಾಂ ಇದ್ದರೆ ಅದರ ಕೋಡ್ ಕೆಲಸ ಮಾಡುವುದಿಲ್ಲ.

ಗಡಿಯಾರ ಸರಿಯಿದೆ, ಕೆಲವು ಸೈಟ್ ತೆರೆಯುತ್ತವೆ, ಕೆಲವು ಅರ್ಧಕ್ಕೆ ನಿಲ್ಲುತ್ತವೆ ಅಂದರೆ ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ಬೈಟ್ ಇರಬಹುದು ಅನ್ನುವ ಮಿತಿ ಪರೀಕ್ಷಿಸಿ. "ಪಿಂಗ್ -ಎಂ ಡು -ಎಸ್ 1472 1.1.1.1". ಇಲ್ಲಿ ಎಂ ದೊಡ್ಡ ಅಕ್ಷರ, "ಡು" ಅಂದರೆ ಡಿ, ಒ. 1472ಕ್ಕೆ ಹೆಡರ್‌ನ 28 ಸೇರಿದರೆ 1500, ಅದು ಸಾಮಾನ್ಯ ಈಥರ್ನೆಟ್ ಮಿತಿ. ಯೂಸರ್ ನೇಮ್, ಪಾಸ್‌ವರ್ಡ್ ಹಾಕುವ ಪಿಪಿಪಿಒಇ ಲೈನ್‌ಗಳಲ್ಲಿ ಮಿತಿ 1492. ಆದ್ದರಿಂದ 1472 ಹೋಗದೆ 1464 ಹೋದರೆ ಅಷ್ಟರಿಂದ ದೋಷ ಅಂತ ಅಲ್ಲ, ಅಂಥ ಲೈನ್‌ನಲ್ಲಿ ಅದು ಸಹಜ. ರೂಟರ್ ಇದನ್ನು ಕಂಪ್ಯೂಟರ್‌ಗೆ ತಿಳಿಸದೆ ದೊಡ್ಡ ಪ್ಯಾಕೆಟನ್ನು ಸುಮ್ಮನೆ ನುಂಗಿದಾಗ ತೊಂದರೆ. ಕಂಪ್ಯೂಟರ್‌ನ ಸಂಪರ್ಕದ ಸೆಟ್ಟಿಂಗ್‌ನಲ್ಲಿ ಎಂಟಿಯು 1492 ಹಾಕಿ ನೋಡಿ. ಸರಿಯಾದರೆ ರೂಟರ್‌ನಲ್ಲೂ ಅದನ್ನೇ ಹಾಕಿ, ಆಗ ಮನೆಯ ಉಳಿದ ಸಾಧನಗಳಿಗೂ ಅನುಕೂಲ.

ನಿಧಾನ ಅನ್ನುವ ದೂರು

ದಾರಿಯ ಒಂದೊಂದು ರೂಟರ್‌ನಲ್ಲಿ ಎಷ್ಟು ಪ್ಯಾಕೆಟ್ ನಷ್ಟ ಅಂತ ತೋರಿಸುವ "ಎಂಟಿಆರ್ 1.1.1.1" ಒಳ್ಳೆಯ ಸಾಧನ, ಆದರೆ ಓದುವುದರಲ್ಲಿ ತುಂಬಾ ಜನ ಎಡವುತ್ತಾರೆ. ನಡುವಿನ ಒಂದು ಸಾಲಿನಲ್ಲಿ 60 ಶೇಕಡಾ ನಷ್ಟ ಕಂಡು, ಕೊನೆಯ ಸಾಲಿನಲ್ಲಿ ಸೊನ್ನೆ ಇದ್ದರೆ ಏನೂ ಆಗಿಲ್ಲ. ನಡುವಿನ ಆ ರೂಟರ್ ಪಿಂಗ್‌ಗೆ ಉತ್ತರ ಕೊಡುವ ಕೆಲಸವನ್ನು ಕಡಿಮೆ ಮಾಡಿದೆ, ಅಷ್ಟೆ. ಒಂದು ಸಾಲಿನಿಂದ ಶುರುವಾಗಿ ಕೊನೆಯವರೆಗೂ ನಷ್ಟ ಮುಂದುವರಿದರೆ ಮಾತ್ರ ಅಲ್ಲಿ ದೋಷ. ಮೊದಲ ಸಾಲಿನಲ್ಲೇ, ಅಂದರೆ ನಿಮ್ಮ ರೂಟರ್‌ನಲ್ಲೇ ನಷ್ಟ ಇದ್ದರೆ ಕಂಪನಿಯನ್ನು ದೂರಬೇಡಿ, ಕೇಬಲ್ ಅಥವಾ ವೈ-ಫೈಗೆ ವಾಪಸ್ ಹೋಗಿ. ಯಾವ ಪ್ರೋಗ್ರಾಂ ನೆಟ್ ತಿನ್ನುತ್ತಿದೆ ಅಂತ ತಿಳಿಯಲು "ಸುಡೊ ನೆಟ್‌ಹಾಗ್ಸ್" ಸಾಕು. ಹಿನ್ನೆಲೆಯಲ್ಲಿ ಅಪ್‌ಡೇಟೋ ಬ್ಯಾಕಪ್ಪೋ ಓಡುತ್ತಿರುವುದೇ ಹೆಚ್ಚು.

ಕಂಪನಿಗೆ, ಗೆಳೆಯರಿಗೆ ಹೇಳುವಾಗ

"ನೆಟ್ ಇಲ್ಲ" ಅಂದರೆ ಆ ಕಡೆಯವರು ರೂಟರ್ ರೀಸ್ಟಾರ್ಟ್ ಮಾಡಿ ಅಂತಲೇ ಹೇಳುತ್ತಾರೆ. ಹೀಗೆ ಹೇಳಿ ನೋಡಿ: "ಸರ್, ಕೇಬಲ್‌ನಲ್ಲಿ 1000 ಸ್ಪೀಡ್ ಲಿಂಕ್ ಉಂಟು. ರೂಟರ್‌ಗೆ ಪಿಂಗ್ ನಷ್ಟ ಇಲ್ಲ. ಬೆಳಿಗ್ಗೆ 9ರಿಂದ 1.1.1.1ಕ್ಕೆ ಹೋಗುವುದಿಲ್ಲ. ಲಾಸ್ ಲೈಟ್ ಇಲ್ಲ, ಆರ್‌ಎಕ್ಸ್ ಪವರ್ -26.8." ಇಷ್ಟು ಕೇಳಿದ ಮೇಲೆ ಅವರು ಲೈನ್‌ಮನ್ ಕಳಿಸುವ ಮಾತಿಗೆ ಬೇಗ ಬರುತ್ತಾರೆ.

ಗೆಳೆಯರ ಸಹಾಯ ಕೇಳುವುದಾದರೆ "ಐಪಿ -ಬಿಆರ್ ಎ", "ಐಪಿ ರೂಟ್", "ರಿಸಾಲ್ವ್‌ಸಿಟಿಎಲ್ ಸ್ಟೇಟಸ್", "ಟೈಮ್‌ಡೇಟ್‌ಸಿಟಿಎಲ್" ನಾಲ್ಕರ ಉತ್ತರವನ್ನೂ ಒಂದು ಫೈಲ್‌ಗೆ ಹಾಕಿ ಕಳಿಸಿ. ಪರದೆಯ ಫೋಟೋಕ್ಕಿಂತ ಅಕ್ಷರ ಇರುವ ಫೈಲ್ ಒಳ್ಳೆಯದು, ಓದುವವರು ಹುಡುಕಬಹುದು. 192.168ರಿಂದ ಶುರುವಾಗುವ ವಿಳಾಸ ಮುಚ್ಚಿಡಬೇಕಾಗಿಲ್ಲ, ಅದು ಪ್ರತಿ ಮನೆಯಲ್ಲೂ ಇರುವಂಥದ್ದು. ಹೊರಗಿನ ಐಪಿ, ಮ್ಯಾಕ್ ವಿಳಾಸ, ವೈ-ಫೈ ಪಾಸ್‌ವರ್ಡ್ ಇದ್ದರೆ ಅವನ್ನು ಅಳಿಸಿ ಕಳಿಸಿ. ಅಳಿಸಿದ ಕಡೆ "ಅಳಿಸಿದ್ದೇನೆ" ಅಂತ ಬರೆಯಿರಿ, ಇಲ್ಲದಿದ್ದರೆ ಆ ಜಾಗ ಮೊದಲೇ ಖಾಲಿ ಇತ್ತು ಅಂತ ತಿಳಿದು ಅವರು ಅದರ ಹಿಂದೆಯೇ ಹೋಗುತ್ತಾರೆ.